ನೆರೆ ಮತ್ತು ನೆರೆಯವರು: ಪ್ರಮಾದದ ಒಂದು ವಿಚಾರ

ಕನ್ನಡದಲ್ಲಿ ‘ನೆರೆ’ ಎಂಬ ಮಾತಿಗೆ ಎರಡು ಅರ್ಥಗಳು ಬಳಕೆಯಲ್ಲಿವೆ. ಉಕ್ಕಿ ಬರುವ ನೀರು ನೆರೆ. ಪಕ್ಕದ ಮನೆಯೂ ನೆರೆ. ನಿಘಂಟುಕಾರರು ಇವನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಲಿ. ಆದರೆ ಹೊಳೆಯ ದಂಡೆಯಲ್ಲಿ ಬಾಳುವವರಿಗೆ ಈ ಎರಡೂ ಒಂದೇ ದಿನ ಎದುರಾಗುತ್ತವೆ. ನೀರು ಬಂದ ರಾತ್ರಿಯಲ್ಲಿ ನೆರೆಯವನು ಯಾರು, ಅವನಿಗೆ ನಾವು ಏನಾಗಬೇಕು ಎಂಬ ಪ್ರಶ್ನೆಯೂ ಬಾಗಿಲು ತಟ್ಟುತ್ತದೆ.

ಈ ಲೇಖನದಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವ ಪ್ರಶ್ನೆ ಇಷ್ಟೇ. ಪ್ರವಾಹದಿಂದ ನೆರೆಯವನ ಬೆಳೆ, ದನಕರು, ಮನೆ ಹಾಳಾದಾಗ ಅದರಲ್ಲಿ ನಮ್ಮ ಪಾಲೇನಾದರೂ ಇದೆಯೇ? ಮಳೆ ಸುರಿಸಿದವರು ನಾವಲ್ಲ. ಹೊಳೆ ಹರಿಸಿದವರೂ ನಾವಲ್ಲ. ಹೀಗಿದ್ದರೂ ಹಿಂಸೆಯ ಲೆಕ್ಕದಲ್ಲಿ ನಮ್ಮ ಹೆಸರಿಗೆ ಏನಾದರೂ ಬರೆಯಲ್ಪಡುತ್ತದೆಯೇ? ವ್ಯಾಪಾರಿಯಾದ ನನಗೆ ಪ್ರಶ್ನೆಯನ್ನು ಹೀಗೆ ಲೆಕ್ಕದ ಭಾಷೆಯಲ್ಲಿ ಕೇಳುವುದೇ ಸುಲಭ. ವಾಚಕರು ಮನ್ನಿಸಬೇಕು.

ಬರದ ಸೀಮೆಯ ಹೊಳೆ

ನಮ್ಮ ಪರಶುರಾಂಪುರ ಚಳ್ಳಕೆರೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಆಂಧ್ರಪ್ರದೇಶದ ಗಡಿಗೆ ಸಮೀಪದ ಊರು. ಈ ತಾಲ್ಲೂಕು ಕರ್ನಾಟಕದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲಿ ಒಂದು. ವರ್ಷದ ಸರಾಸರಿ ಮಳೆ 500 ಮಿಲಿಮೀಟರನ್ನು ಮುಟ್ಟುವುದಿಲ್ಲ. ಶೇಂಗಾ ಇಲ್ಲಿಯ ಜೀವನಾಧಾರ. ಚಳ್ಳಕೆರೆಗೆ ‘ಎಣ್ಣೆ ನಗರ’ವೆಂಬ ಹೆಸರು ಬಂದದ್ದೂ ಅದರಿಂದಲೇ. ಇಂಥ ಸೀಮೆಯಲ್ಲಿ ಪ್ರವಾಹದ ಮಾತೆತ್ತಿದರೆ ಹೊರಗಿನವರು ನಕ್ಕಾರು. ನಮ್ಮವರೂ ಬಹುಕಾಲ ನಕ್ಕಿದ್ದಾರೆ.

ಆದರೆ ಈ ಹೋಬಳಿಯ ನಡುವೆ ವೇದಾವತಿ ಹರಿಯುತ್ತದೆ. ಬಾಬಾಬುಡನ್ ಗಿರಿಯ ಮಗ್ಗುಲಲ್ಲಿ ಹುಟ್ಟಿದ ವೇದಾ, ಅವತಿ ಎಂಬ ತೊರೆಗಳು ಕೂಡಿ ವೇದಾವತಿಯಾಗಿ, ಹೊಸದುರ್ಗ ಸೀಮೆಯನ್ನು ದಾಟಿ, ಹಿರಿಯೂರಿನ ಸಮೀಪದ ಮಾರಿಕಣಿವೆಯಲ್ಲಿ ವಾಣೀವಿಲಾಸ ಸಾಗರವಾಗಿ ನಿಲ್ಲುತ್ತವೆ. ಅಲ್ಲಿಂದ ಮುಂದೆ ಹೊಳೆ ನಮ್ಮ ಹಳ್ಳಿಗಳನ್ನು ಹಾಯ್ದು, ಆಂಧ್ರದ ಅನಂತಪುರ ಜಿಲ್ಲೆಯ ಭೈರವಾನಿತಿಪ್ಪ ಜಲಾಶಯವನ್ನು ಸೇರಿ, ಬಳ್ಳಾರಿ ಜಿಲ್ಲೆಯಲ್ಲಿ ಹಗರಿಯೆಂಬ ಹೆಸರು ಪಡೆದು ತುಂಗಭದ್ರೆಯಲ್ಲಿ ಲೀನವಾಗುತ್ತದೆ.

ಮಾರಿಕಣಿವೆಯ ಕಟ್ಟೆಯ ಕೆಲಸ ಮೈಸೂರು ಸಂಸ್ಥಾನದಲ್ಲಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ರೀಜೆಂಟರಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ಹೆಸರನ್ನು ಅದು ಧರಿಸಿದೆ. ಸುಮಾರು 30 ಟಿಎಂಸಿ ನೀರು ಹಿಡಿಯುವ, 130 ಅಡಿ ಪೂರ್ಣಮಟ್ಟದ ಆ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತು. ಆಮೇಲೆ 89 ವರ್ಷ ಬೀಳಲಿಲ್ಲ. ಮೂರು ತಲೆಮಾರುಗಳು ಕೋಡಿಯ ನೀರನ್ನು ನೋಡದೆಯೇ ಬೆಳೆದವು. 2022ರ ಸೆಪ್ಟೆಂಬರ್ 2ರಂದು ಸಾಗರ ಮತ್ತೆ ಕೋಡಿ ಹರಿಯಿತು. ಜಿಲ್ಲೆಯೆಲ್ಲ ಹಬ್ಬವಾಯಿತು, ಜನ ಗಾಡಿ ಕಟ್ಟಿಕೊಂಡು ನೋಡಲು ಹೋದರು. ಅದೇ ಮಳೆಗಾಲದಲ್ಲಿ ಕೆಳಗಿನ ಹೊಳೆದಂಡೆಯ ಹೊಲಗಳಿಗೆ ನೀರು ನುಗ್ಗಿತು. ಹಳ್ಳಗಳು ತುಂಬಿ ದಾರಿಗಳು ಕಡಿದವು. ಮಣ್ಣಿನ ಗೋಡೆಗಳು ನೆನೆದು ಕುಸಿದವು. ಒಂದೇ ನೀರು ಮೇಲಿನವರಿಗೆ ಬಾಗಿನದ ನೀರಾಗಿ, ಕೆಳಗಿನವರಿಗೆ ಕಣ್ಣೀರಾಗಿ ಬಂದಿತು.

ಹಿಂಸೆ ನಡೆದದ್ದು ಯಾವಾಗ?

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನೀರು ಬಂದ ದಿನ ಯಾರೂ ಯಾರಿಗೂ ಕೇಡು ಮಾಡಲಿಲ್ಲ. ಎಲ್ಲರೂ ಓಡಾಡಿದರು, ಕೈಲಾದಷ್ಟು ದುಡಿದರು. ಹಾಗಾದರೆ ಕೇಡು ಎಲ್ಲಿಂದ ಬಂದಿತು?

ನೀರಿಲ್ಲದ ವರ್ಷಗಳಿಂದ ಬಂದಿತು ಎಂಬುದು ನನ್ನ ಉತ್ತರ. ಹೊಳೆ ಒಣಗಿದ್ದಾಗ ಅದು ಹೊಳೆ ಎಂಬುದನ್ನು ಮರೆತೆವು. ಅದರ ಮರಳನ್ನು ರಾತ್ರಿಯೆಲ್ಲ ತುಂಬಿ ಕಳಿಸಿದೆವು. ಪಾತ್ರದ ತುಂಬ ಬಳ್ಳಾರಿ ಜಾಲಿ ಬೆಳೆದು ಗೋಡೆಯಂತಾಯಿತು; ಸೌದೆಗೆ ಆಯಿತೆಂದು ಸುಮ್ಮನಾದೆವು. ಹಳ್ಳದ ಅಂಚನ್ನು ವರ್ಷಕ್ಕೊಂದು ನೇಗಿಲ ಸಾಲಿನಷ್ಟು ಒತ್ತಿಕೊಂಡೆವು. ಕೆರೆಗೆ ನೀರು ತರುವ ಕಾಲುವೆಯನ್ನು ಮುಚ್ಚಿ ದಾರಿ ಮಾಡಿದೆವು. ಕೋಡಿಯ ಮುಂದಿನ ಬಯಲಿನಲ್ಲಿ ನಿವೇಶನ ಮಾಡಿದೆವು. ಈ ಯಾವ ಕೆಲಸದಲ್ಲಿಯೂ ಯಾರನ್ನೂ ಕೊಲ್ಲುವ ಸಂಕಲ್ಪವಿರಲಿಲ್ಲ. ಬರದ ವರ್ಷ ಇದರಿಂದ ಒಂದು ಇರುವೆಗೂ ನೋವಾಗಲಿಲ್ಲ. ಆದರೆ ನೀರು ಬಂದಾಗ ಅದಕ್ಕೆ ದಾರಿ ಇರಲಿಲ್ಲ. ಇಲ್ಲದ ದಾರಿಯನ್ನು ಅದು ಬಡವನ ಮನೆಯ ಮೂಲಕ ಮಾಡಿಕೊಂಡಿತು. ಹೀಗೆ ಪ್ರವಾಹದ ಹಿಂಸೆ ಬರಗಾಲದಲ್ಲಿ ನಡೆದುಹೋಗಿರುತ್ತದೆ. ಮಳೆಗಾಲದಲ್ಲಿ ಅದರ ಫಲ ಮಾತ್ರ ಕಾಣುತ್ತದೆ.

ನಮ್ಮ ಆಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಮೊದಲಿಗಿಟ್ಟದ್ದು ಈ ಕಾರಣಕ್ಕೇ ಇರಬೇಕೆಂದು ತೋರುತ್ತದೆ. ತತ್ತ್ವಾರ್ಥಸೂತ್ರದ ಪ್ರಕಾರ ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳ ಪ್ರವೃತ್ತಿಯಿಂದ ಪ್ರಾಣಗಳಿಗೆ ಹಾನಿಯಾಗುವುದು ಹಿಂಸೆ. ದ್ವೇಷವಿರಬೇಕೆಂದಿಲ್ಲ, ಎಚ್ಚರವಿಲ್ಲದಿದ್ದರೆ ಸಾಕು. ಗುಣವ್ರತಗಳಲ್ಲಿ ಅನರ್ಥದಂಡವಿರತಿಯನ್ನು ವಿವರಿಸುವ ಶ್ರಾವಕಾಚಾರ ಗ್ರಂಥಗಳು, ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಕಲಕುವುದು, ಗಿಡ ಕಡಿಯುವುದು ಮುಂತಾದವನ್ನು ಪ್ರಮಾದಚರ್ಯೆಯೆಂದು ಕರೆದಿವೆ. ನಡೆಯುವಾಗ ನಾಲ್ಕು ಮೊಳ ಮುಂದೆ ನೋಡಿ ಹೆಜ್ಜೆಯಿಡುವುದು ಮುನಿಗಳ ಈರ್ಯಾಸಮಿತಿ. ಮನೆ, ದಾರಿ, ಬಡಾವಣೆಗಳನ್ನು ಕಟ್ಟುವ ಗೃಹಸ್ಥರು ನಾಲ್ಕು ಮಳೆಗಾಲ ಮುಂದೆ ನೋಡಿ ಕಲ್ಲು ಇಡಬೇಡವೇ?

‘ಅವರವರ ಕರ್ಮ’ ಎಂಬ ಮಾತು

ಇದಕ್ಕೆ ಒಂದು ಆಕ್ಷೇಪ ಬರುವುದುಂಟು. ‘ಎಲ್ಲವೂ ಪೂರ್ವಕರ್ಮದ ಉದಯ. ಯಾರಿಗೆ ಏನು ಆಗಬೇಕೋ ಅದು ಆಗುತ್ತದೆ. ಸಮತೆಯಿಂದ ಇರುವುದೇ ಧರ್ಮ’ ಎಂದು ಹೇಳುವ ಹಿರಿಯರನ್ನು ಎಲ್ಲ ಊರುಗಳಲ್ಲಿಯೂ ಕಾಣುತ್ತೇವೆ. ಅವರ ಶ್ರದ್ಧೆಯ ಬಗೆಗೆ ನನಗೆ ಗೌರವವಿದೆ; ಈ ನಿರ್ಣಯದ ಬಗೆಗೆ ಇಲ್ಲ.

ಭಗವಾನ್ ಪಾರ್ಶ್ವನಾಥರ ಉಪಸರ್ಗದ ಕಥೆ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಪೂರ್ವಜನ್ಮದ ವೈರದಿಂದ ಕಮಠನ ಜೀವವು ಧ್ಯಾನಸ್ಥರಾದ ಭಗವಂತರ ಮೇಲೆ ಭೀಕರ ಮಳೆಗಾಳಿಯನ್ನು ಸುರಿಸಿತು. ಅವರು ಅಲುಗಲಿಲ್ಲ. ಮಳೆ ಸುರಿಸಿದವನಲ್ಲಿ ದ್ವೇಷವಿಲ್ಲ, ಕಾಪಾಡಿದವನಲ್ಲಿ ರಾಗವಿಲ್ಲ. ಆದರೆ ಅದೇ ಕಥೆಯಲ್ಲಿ ಇನ್ನೊಬ್ಬನಿದ್ದಾನೆ. ಧರಣೇಂದ್ರನು ‘ಇದು ಇವರ ಕರ್ಮ’ ಎಂದು ಪಾತಾಳದಲ್ಲಿ ಕುಳಿತುಕೊಳ್ಳಲಿಲ್ಲ. ಓಡಿ ಬಂದು ಹೆಡೆಯೆತ್ತಿ ನಿಂತನು. ಬಸದಿಯಲ್ಲಿ ಆ ಏಳು ಹೆಡೆಗಳ ಮುಂದೆ ದಿನವೂ ಕೈಮುಗಿಯುವ ನಾವು, ಕಥೆಯ ಎರಡು ಪಾತ್ರಗಳನ್ನು ಒಂದು ಮಾಡಿ ಗೊಂದಲಪಡಬಾರದು. ತನ್ನ ಮನೆಗೆ ಬಂದ ನೀರನ್ನು ತನ್ನ ಕರ್ಮವೆಂದು ಸಹಿಸುವುದು ತಪಸ್ಸು. ನೆರೆಯವನ ಮನೆಗೆ ಬಂದ ನೀರನ್ನು ಅವನ ಕರ್ಮವೆಂದು ಹೇಳಿ ಬಾಗಿಲು ಹಾಕಿಕೊಳ್ಳುವುದು ಪ್ರಮಾದ. ಸಮತೆ ಸ್ವಂತ ಕಷ್ಟಕ್ಕೆ ಹೇಳಿದ ಧರ್ಮ. ಪರರ ಕಷ್ಟಕ್ಕೆ ಹೇಳಿದ್ದು ಅನುಕಂಪೆ.

2018ರ ಆಗಸ್ಟಿನಲ್ಲಿ ಕೇರಳ ಮುಳುಗಿದಾಗ ಕಡಲ ತೀರದ ಬೆಸ್ತರು ತಮ್ಮ ದೋಣಿಗಳನ್ನು ಲಾರಿಗಳ ಮೇಲೆ ಹೇರಿಕೊಂಡು ಒಳನಾಡಿಗೆ ಬಂದು ಸಾವಿರಾರು ಜನರನ್ನು ಉಳಿಸಿದರು. ಯಾರ ವೃತ್ತಿಯನ್ನು ನಾವು ಹಿಂಸಾವೃತ್ತಿಯೆಂದು ಎಣಿಸುತ್ತೇವೆಯೋ ಅವರು ಧರಣೇಂದ್ರನ ಕೆಲಸ ಮಾಡಿದರು. ವೃತ್ತಿಯ ಶುದ್ಧಿಯೊಂದನ್ನೇ ನೆಚ್ಚಿಕೊಂಡು ನಿಶ್ಚಿಂತರಾಗಿರುವ ನಮ್ಮಂಥ ವ್ಯಾಪಾರಿಗಳು ಇದನ್ನು ಒಮ್ಮೆ ಯೋಚಿಸುವುದು ಹಿತ.

ಕೆರೆಯ ನೆಲ ಯಾರದು?

ಎರಡನೆಯದಾಗಿ ಅಚೌರ್ಯದ ವಿಚಾರ. ಕೊಡದೆ ಇರುವುದನ್ನು ತೆಗೆದುಕೊಳ್ಳುವುದು ಕಳವು. ಕೆರೆಯಂಗಳ, ರಾಜಕಾಲುವೆ, ಹಳ್ಳದ ಕರಾಬು ಜಮೀನುಗಳನ್ನು ನಮಗೆ ಯಾರೂ ಕೊಟ್ಟಿಲ್ಲ. ಅವು ನೀರಿನ ಸ್ವತ್ತು. ನೀರು ಹತ್ತಿಪ್ಪತ್ತು ವರ್ಷ ಬರಲಿಲ್ಲವೆಂದರೆ ಮಾಲೀಕನು ಊರಿನಲ್ಲಿಲ್ಲ ಎಂದು ಮಾತ್ರ ಅರ್ಥ, ಸ್ವತ್ತು ಅನಾಥವಾಯಿತೆಂದಲ್ಲ. ಮಾಲೀಕನಿಲ್ಲದಾಗ ಅವನ ಅಂಗಡಿಗೆ ಬೀಗ ಒಡೆದು ಸೇರಿಕೊಂಡವನು, ಅವನು ತಿರುಗಿ ಬಂದಾಗ ‘ನನ್ನನ್ನು ಹೊರಹಾಕಿದ’ ಎಂದು ದೂರುವುದು ನ್ಯಾಯವೇ?

ಇದು ಹಳ್ಳಿಯೊಂದರ ದೋಷವಲ್ಲ. ಮಾರಿಕಣಿವೆ ಕೋಡಿ ಬಿದ್ದ ಅದೇ 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಬೆಳ್ಳಂದೂರು ಭಾಗದ ಹೊರವರ್ತುಲ ರಸ್ತೆ ನೀರಿನಲ್ಲಿ ಮುಳುಗಿತು. ದೊಡ್ಡ ದೊಡ್ಡ ಬಂಗಲೆಗಳವರು ಟ್ರ್ಯಾಕ್ಟರುಗಳಲ್ಲಿ ಹೊರಗೆ ಬರಬೇಕಾಯಿತು. ಅಲ್ಲಿಯೂ ಮಾತು ಬಂದು ನಿಂತದ್ದು ರಾಜಕಾಲುವೆಗಳ ಒತ್ತುವರಿಯ ಮೇಲೆಯೇ. ವ್ಯತ್ಯಾಸವೊಂದೇ: ಅಲ್ಲಿ ಮುಳುಗಿದವರಲ್ಲಿ ಶ್ರೀಮಂತರೂ ಇದ್ದುದರಿಂದ ದೇಶವೆಲ್ಲ ಮಾತನಾಡಿತು. ನಮ್ಮ ಕಡೆ ಒದ್ದೆಯಾದದ್ದು ಕಿತ್ತು ಹಾಕಿದ ಶೇಂಗಾ ಮತ್ತು ದನಗಳಿಗಿಟ್ಟ ಬಳ್ಳಿ.

ಗೃಹಸ್ಥನು ಬಿಡಬೇಕಾದ ಹದಿನೈದು ಕ್ರೂರ ವೃತ್ತಿಗಳನ್ನು ಶ್ವೇತಾಂಬರರ ಉಪಾಸಕದಶಾಂಗವೂ, ದಿಗಂಬರ ಪಂಡಿತ ಆಶಾಧರರ ಸಾಗಾರಧರ್ಮಾಮೃತವೂ ಎಣಿಸಿವೆ. ಕೆರೆ ಸರೋವರಗಳನ್ನು ಒಣಗಿಸುವುದು ಅವುಗಳಲ್ಲಿ ಒಂದು. ಅಂದಿನವರು ಕೆರೆ ಒಣಗಿಸಿದ್ದು ಬೇಸಾಯಕ್ಕೆ. ಇಂದಿನವರು ಒಣಗಿಸುವುದು ನಿವೇಶನಕ್ಕೆ. ಲೇಔಟು ಮಾಡುವವರ ಪಾಲುದಾರಿಕೆಯಲ್ಲಿ ಹಣ ಹಾಕುವಾಗ, ಆ ಸರ್ವೆ ನಂಬರಿನ ಪಕ್ಕದಲ್ಲಿ ಗ್ರಾಮನಕಾಶೆ ಏನನ್ನು ತೋರಿಸುತ್ತದೆ ಎಂದು ನೋಡುವುದು ವ್ಯವಹಾರದ ಜಾಣತನ ಮಾತ್ರವಲ್ಲ, ವ್ರತದ ಒಂದು ಭಾಗ.

ಹೂಳೆತ್ತುವುದು ಹಿಂಸೆಯಲ್ಲವೇ?

ನಮ್ಮ ಸಮಾಜದಲ್ಲಿ ಇನ್ನೊಂದು ಸಂಕೋಚವಿದೆ. ಅದು ಪ್ರಾಮಾಣಿಕವಾದುದು, ಆದುದರಿಂದ ಉತ್ತರಕ್ಕೆ ಅರ್ಹವಾದುದು. ಹೂಳು ತೆಗೆಯುವುದು, ಏರಿ ಗಟ್ಟಿ ಮಾಡುವುದು, ಜಾಲಿ ಕಡಿಯುವುದು ಇವೆಲ್ಲ ಆರಂಭಕಾರ್ಯಗಳು. ಮಣ್ಣಿನಲ್ಲಿ, ನೀರಿನಲ್ಲಿ, ಗಿಡದಲ್ಲಿ ಜೀವಗಳಿವೆ. ನೆಲ ಅಗೆಯುವ ವೃತ್ತಿಯೂ ಆ ಹದಿನೈದರಲ್ಲಿಯೇ ಸೇರಿದೆ. ಹಾಗಾದರೆ ನೆರೆ ತಡೆಯುವ ಹೆಸರಿನಲ್ಲಿ ನಾವೇ ಹಿಂಸೆಗೆ ಇಳಿದಂತಾಗಲಿಲ್ಲವೇ?

ಗೃಹಸ್ಥಧರ್ಮದಲ್ಲಿ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತಾರೆ. ಸಂಕಲ್ಪಪೂರ್ವಕವಾದುದನ್ನು ಪೂರ್ತಿ ಬಿಡಬೇಕು; ಉಳಿದವನ್ನು ಯತ್ನದಿಂದ ಕಡಿಮೆ ಮಾಡಬೇಕು. ಮನೆಯಲ್ಲಿ ಒಲೆ ಹೊತ್ತಿಸುವವನು, ಬಸದಿಗೆ ಪಾಯ ತೋಡುವವನು ಕೆರೆಯ ಹೂಳಿನ ವಿಷಯದಲ್ಲಿ ಮಾತ್ರ ಮಹಾವ್ರತಿಯಾಗುವುದು ಸಲ್ಲದು. ಇಲ್ಲಿ ಯತ್ನವೆಂದರೆ ಏನು? ಬೇಸಿಗೆಯ ಕೊನೆಯಲ್ಲಿ, ಅಂಗಳ ತಾನಾಗಿಯೇ ಒಣಗಿರುವಾಗ ಕೆಲಸ ಮಾಡುವುದು, ನೀರಿರುವ ಗುಂಡಿಯನ್ನು ಕೆಣಕದೆ ಬಿಡುವುದು, ಹಕ್ಕಿಗಳು ಗೂಡು ಕಟ್ಟಿರುವ ಮರ ಕಡಿಯದಿರುವುದು, ಬೇಕಾದಷ್ಟೇ ತೆಗೆಯುವುದು. ಹೂಳಿನ ನೆವದಲ್ಲಿ ಮರಳು ಮಾರುವುದು ಯತ್ನವಲ್ಲ, ವ್ಯಾಪಾರ. ಇಷ್ಟು ಎಚ್ಚರದಿಂದ ಮಾಡಿದ ಕೆಲಸದಲ್ಲಿ ಆಗುವ ಹಿಂಸೆಯನ್ನೂ, ಮಾಡದೆ ಬಿಟ್ಟರೆ ಒಂದು ರಾತ್ರಿಯಲ್ಲಿ ಕೊಚ್ಚಿಹೋಗುವ ದನ, ಕುರಿ, ಹುಳುಹುಪ್ಪಟೆಗಳ ಹಿಂಸೆಯನ್ನೂ ತಕ್ಕಡಿಯಲ್ಲಿಟ್ಟು ನೋಡಿದರೆ ಸಂಕೋಚಕ್ಕೆ ಆಸ್ಪದ ಉಳಿಯದು.

ಮೇಲಿನವರು, ಕೆಳಗಿನವರು

ಪ್ರಶ್ನೆಯ ಕಠಿಣವಾದ ಭಾಗ ಇನ್ನೂ ಇದೆ. ಸಾಗರದ ಹಿನ್ನೀರಿನಿಂದ ಹೊಸದುರ್ಗ ತಾಲ್ಲೂಕಿನ ರೈತರ ಜಮೀನುಗಳು ಮುಳುಗುತ್ತವೆ; ಕೋಡಿಯ ಮಟ್ಟ ತಗ್ಗಿಸಿರೆಂದು ಅವರ ಕೇಳಿಕೆ. ನೀರೇ ಜೀವವಾಗಿರುವ ಹಿರಿಯೂರಿನ ಅಚ್ಚುಕಟ್ಟಿನವರು ಅದಕ್ಕೆ ಒಪ್ಪುವುದಿಲ್ಲ. ನಮ್ಮ ಹೋಬಳಿಯವರಿಗೆ ಹೊಳೆಯಲ್ಲಿ ನೀರು ಬೇಕು, ಒಂದೇ ಸಲಕ್ಕೆ ಬೇಡ. ಹೊಳೆಗೆ ಅಡ್ಡವಾಗಿ ಬ್ಯಾರೇಜುಗಳು ಬೇಕು ಎನ್ನುವವರೂ ನಾವೇ. ಗಡಿಯಾಚೆ ಭೈರವಾನಿತಿಪ್ಪದವರಿಗೆ ನಮ್ಮಲ್ಲಿ ಉಳಿದದ್ದು ಮಾತ್ರ ಸಿಗುತ್ತದೆ.

ಇವರಲ್ಲಿ ಸುಳ್ಳು ಹೇಳುವವರು ಯಾರೂ ಇಲ್ಲ. ಪ್ರತಿಯೊಬ್ಬರೂ ತಮ್ಮ ದಂಡೆಯಿಂದ ಕಾಣುವ ಹೊಳೆಯನ್ನು ಹೇಳುತ್ತಿದ್ದಾರೆ. ಅನೇಕಾಂತವನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಡ. ಆದರೆ ಅನೇಕಾಂತವೆಂದರೆ ‘ಎಲ್ಲರದೂ ಸರಿ’ ಎಂದು ಕೈತೊಳೆದುಕೊಳ್ಳುವುದಲ್ಲ. ನನ್ನ ಲಾಭದ ಮಾತನ್ನು ಆಡುವ ಮೊದಲು ಅದರ ನಷ್ಟವನ್ನು ಹೊರುವವನ ದಂಡೆಯಲ್ಲಿ ಒಮ್ಮೆ ನಿಂತು ನೋಡುವುದು, ನಿರ್ಣಯದಲ್ಲಿ ಅವನಿಗೆ ಸ್ಥಾನ ಕೊಡುವುದು, ನಷ್ಟವಾದರೆ ತುಂಬಿಕೊಡುವುದು. ಇಷ್ಟಾದರೆ ಅದು ನ್ಯಾಯ. ಹೊಲ ಮುಳುಗಿದವನಿಗೆ ಪರಿಹಾರ ಕೊಡದೆ ಸಾಗರ ತುಂಬಿದ ಸಂತೋಷವನ್ನು ಮಾತ್ರ ಹಂಚಿಕೊಂಡರೆ ಅದು ಇನ್ನೊಬ್ಬರ ಸೊತ್ತಿನಲ್ಲಿ ಮಾಡಿದ ಹಬ್ಬ.

ಒಂದು ಹೊಸ ಸಂಗತಿಯನ್ನು ಎಲ್ಲರೂ ಲೆಕ್ಕಕ್ಕೆ ಹಿಡಿಯಬೇಕು. ಈಚಿನ ವರ್ಷಗಳಲ್ಲಿ ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಭದ್ರೆಯ ನೀರೂ ಈ ಸಾಗರಕ್ಕೆ ಬರುತ್ತಿದೆ. 89 ವರ್ಷ ಕಾಯಿಸಿದ ಕೋಡಿ, 2022ರ ಅನಂತರ ಎರಡೂವರೆ ವರ್ಷವೂ ತುಂಬುವ ಮೊದಲೇ 2025ರ ಜನವರಿಯಲ್ಲಿ ಮತ್ತೆ ಹರಿಯಿತು. ಅರ್ಧ ತುಂಬಿದ ಸಾಗರ ಹೆಚ್ಚಿನ ಮಳೆಯನ್ನು ತನ್ನಲ್ಲಿ ಅಡಗಿಸಿಕೊಳ್ಳುತ್ತದೆ; ತುಂಬಿರುವ ಸಾಗರ ಬಂದದ್ದನ್ನೆಲ್ಲ ಕೆಳಗೆ ಬಿಡುತ್ತದೆ. ‘ನಮ್ಮ ಅಜ್ಜನ ಕಾಲದಿಂದ ಇಲ್ಲಿಗೆ ನೀರು ಬಂದಿಲ್ಲ’ ಎಂಬ ಸಾಕ್ಷಿ ಇನ್ನು ಮುಂದೆ ನಡೆಯದು. ಅಜ್ಜನ ಕಾಲದ ಹೊಳೆ ಬೇರೆ. ಮೊಮ್ಮಕ್ಕಳ ಕಾಲದ ಹೊಳೆ ಬೇರೆ.

ದಾನದ ಖಾತೆ ಮತ್ತು ಎಚ್ಚರದ ಖಾತೆ

ನೆರೆ ಬಂದಾಗ ನಮ್ಮ ಸಮಾಜ ಹಿಂದೆ ಸರಿಯುವುದಿಲ್ಲ. ಅಕ್ಕಿ, ಬೇಳೆ, ಕಂಬಳಿ, ಔಷಧ ಎಲ್ಲವೂ ಹೋಗುತ್ತವೆ. ಪತ್ರಿಕೆಯಲ್ಲಿ ಭಾವಚಿತ್ರವೂ ಬರುತ್ತದೆ. ಇದು ಶ್ಲಾಘ್ಯ. ಆದರೆ ಲೆಕ್ಕ ಬಲ್ಲವರು ಒಂದು ಮಾತು ಕೇಳಬೇಕು. ಯಂತ್ರಕ್ಕೆ ವರ್ಷ ವರ್ಷ ಸವಕಳಿ ಬರೆದು ನಿಧಿ ತೆಗೆದಿಡದೆ, ಅದು ಮುರಿದ ದಿನ ಸಾಲ ತಂದು ಹೊಸದು ಕೊಳ್ಳುವ ವ್ಯಾಪಾರಿಯನ್ನು ನಾವು ಏನೆಂದು ಕರೆಯುತ್ತೇವೆ? ಕೆರೆಯ ಏರಿಗೂ, ತೂಬಿಗೂ, ಕೋಡಿಗೂ ಸವಕಳಿ ಉಂಟು. ಅದನ್ನು ಯಾವ ಖಾತೆಯಲ್ಲಿಯೂ ಬರೆಯದೆ, ಒಡೆದ ದಿನ ದಾನದ ಖಾತೆಯಲ್ಲಿ ದೊಡ್ಡ ಅಂಕೆ ಬರೆಯುವುದು ಸರಿಯಾದ ಜಮಾಖರ್ಚಲ್ಲ. ಕಂಬಳಿ ಕೊಟ್ಟವನನ್ನು ಊರು ನೆನೆಯುತ್ತದೆ. ಕಂಬಳಿಯ ಅಗತ್ಯ ಬರದಂತೆ ಕಾಲುವೆ ಬಿಡಿಸಿದವನನ್ನು ಯಾರೂ ನೆನೆಯುವುದಿಲ್ಲ. ಆದುದರಿಂದಲೇ ಎರಡನೆಯ ದಾನದಲ್ಲಿ ಅಹಂಕಾರದ ಅಂಶ ಕಡಿಮೆ.

ನಮ್ಮ ಹಿರಿಯರು ಈ ಎರಡನೆಯದನ್ನು ಬಲ್ಲವರಾಗಿದ್ದರು. ಶಾಸನಗಳಲ್ಲಿ ಬರುವ ಬಿಟ್ಟುವಟ್ಟ, ಕಟ್ಟುಕೊಡಗೆ, ದಶವಂದಗಳು ಕೆರೆ ಕಟ್ಟಿದವರಿಗೆ, ಅದನ್ನು ಕಾಯುವವರಿಗೆ ಬಿಟ್ಟ ಭೂಮಿಯ ಹೆಸರುಗಳು. ಕೆರೆ ಕಟ್ಟಿದ ದಿನವೇ ಅದರ ದುರಸ್ತಿಗೂ ಆದಾಯ ನೇಮಿಸುತ್ತಿದ್ದರು. ನಮ್ಮ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯಿರುವ ಊರಿನ ಹೆಸರು ಹೆಗ್ಗೆರೆ, ಅಂದರೆ ಹಿರಿಯ ಕೆರೆ. ಬಸದಿ ಕೆರೆಯ ಹೆಸರಿನ ಊರಿನಲ್ಲಿದೆ. ಆ ನೆನಪು ಸಾಕು. ದಾನಚಿಂತಾಮಣಿ ಅತ್ತಿಮಬ್ಬೆಯ ಮಹಿಮೆಗಳನ್ನು ಹೇಳುವ 1007ರ ಲಕ್ಕುಂಡಿ ಶಾಸನದಲ್ಲಿ ಗೋದಾವರಿಯ ಪ್ರವಾಹ ಅವಳಿಗೆ ತಗ್ಗಿತೆಂಬ ಪ್ರಸಂಗವಿದೆ. ಅಂಥ ಶೀಲ ನಮ್ಮಲ್ಲಿ ಎಷ್ಟು ಜನರಿಗಿದೆಯೋ ತಿಳಿಯದು. ಅದು ಇಲ್ಲದವರು ಕಾಲುವೆಯನ್ನಾದರೂ ಚೊಕ್ಕಟವಾಗಿಡಬೇಕು.

ಟ್ರಸ್ಟುಗಳು ಮಾಡಬಹುದಾದದ್ದು

ಜೀರ್ಣೋದ್ಧಾರಕ್ಕೆ ಹಣ ಕೂಡಿಸುವ ಟ್ರಸ್ಟುಗಳಿಗೆ ಕೆಲವು ಸೂಚನೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ. ದೇವದ್ರವ್ಯವನ್ನು ಮುಟ್ಟಬೇಕೆಂದು ನಾನು ಹೇಳುತ್ತಿಲ್ಲ. ಜೀವದಯೆಗೂ ಸಾಧಾರಣ ಕಾರ್ಯಗಳಿಗೂ ಬರುವ ಹಣದಲ್ಲಿ ಒಂದು ಸಣ್ಣ ಭಾಗವನ್ನು ಪ್ರತಿವರ್ಷ ಊರಿನ ನೀರಿನ ದಾರಿಗಾಗಿ ತೆಗೆದಿಡಬಹುದು. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೂ, ಅದಕ್ಕಿಂತ ಚಿಕ್ಕವು ಪಂಚಾಯತಿ ವ್ಯವಸ್ಥೆಗೂ ಸೇರಿದವು. ನಮ್ಮ ಊರಿನ ಕೆರೆ ಯಾರ ಸುಪರ್ದಿನಲ್ಲಿದೆ ಎಂದು ತಿಳಿದುಕೊಂಡು, ಏರಿ, ತೂಬು, ಕೋಡಿಗಳ ತಪಾಸಣೆಯನ್ನು ಮುಂಗಾರಿಗೆ ಮುಂಚೆ ಲಿಖಿತವಾಗಿ ಕೇಳಬೇಕು. ಗ್ರಾಮಸಭೆಗೆ ಹೋಗಿ ಕುಳಿತು ರಾಜಕಾಲುವೆಯ ಅಳತೆಯನ್ನು ಕೇಳಬೇಕು. ನಮ್ಮ ಅಂಗಡಿ, ಗೋದಾಮು, ಧರ್ಮಶಾಲೆಗಳ ಗಡಿಯನ್ನು ಮೊದಲು ಅಳೆಯಿಸಿಕೊಳ್ಳಬೇಕು. ಸಾಗರದಿಂದ ಹೆಚ್ಚಿನ ನೀರು ಹೊರಡುವ ಸುದ್ದಿ ಕೊನೆಯ ಹಳ್ಳಿಯ ಕೊನೆಯ ಗುಡಿಸಲಿಗೂ ಹಗಲಿನಲ್ಲೇ ಮುಟ್ಟುವಂತೆ ಹೊಳೆಸಾಲಿನ ಊರುಗಳವರು ತಮ್ಮಲ್ಲಿಯೇ ಏರ್ಪಾಡು ಮಾಡಿಕೊಳ್ಳಬೇಕು. ಎತ್ತರದಲ್ಲಿರುವ ಸಭಾಭವನದ ಕೀಲಿಕೈ ಆ ರಾತ್ರಿ ಯಾರ ಬಳಿ ಇರುತ್ತದೆ, ಜಾತಿ ಕೇಳದೆ ಬಾಗಿಲು ತೆರೆಯುವವರು ಯಾರು ಎಂಬುದು ಮೊದಲೇ ನಿರ್ಣಯವಾಗಿರಬೇಕು.

ಚಾತುರ್ಮಾಸದಲ್ಲಿ ಮುನಿಗಳು ವಿಹಾರ ನಿಲ್ಲಿಸುತ್ತಾರೆ. ಮಳೆಗಾಲದಲ್ಲಿ ನೆಲವೆಲ್ಲ ಜೀವಮಯವಾಗಿರುವುದರಿಂದ ತಮ್ಮ ಕಾಲಿನಿಂದ ಒಂದು ಜೀವಕ್ಕೂ ನೋವಾಗದಿರಲೆಂಬುದು ಅದರ ಆಶಯ. ಮಳೆ ಬರುವ ಮೊದಲೇ ಅವರು ಈ ಎಚ್ಚರ ಮಾಡಿಕೊಳ್ಳುತ್ತಾರೆ ಎಂಬುದನ್ನು ಗೃಹಸ್ಥರು ಗಮನಿಸಬೇಕು. ಅವರ ಚಾತುರ್ಮಾಸಕ್ಕೆ ವಸತಿ ಸಿದ್ಧಪಡಿಸುವ ಜ್ಯೇಷ್ಠ ಮಾಸದಲ್ಲಿಯೇ ನೀರಿನ ಚಾತುರ್ಮಾಸಕ್ಕೂ ದಾರಿ ಸಿದ್ಧಪಡಿಸುವುದು ಶ್ರಾವಕರ ಪಾಲಿನ ಕೆಲಸ.

ದೀಪಾವಳಿಯಂದು ಹೊಸ ಖಾತೆ ತೆರೆಯುವಾಗ ಹಳೆಯ ಬಾಕಿಯನ್ನು ಮೊದಲು ಬರೆಯುವುದು ನಮ್ಮ ಪದ್ಧತಿ. ಹೊಳೆಗೆ, ಹಳ್ಳಕ್ಕೆ, ಕೆರೆಗೆ ನಾವು ಕೊಡಬೇಕಾದ ನೆಲದ ಬಾಕಿಯೂ ಅದರಲ್ಲಿ ಬರಲಿ. ಬಾಕಿದಾರನು ತಾನಾಗಿ ತೀರಿಸಿದರೆ ಮರ್ಯಾದೆ; ನೀರು ಬಂದು ವಸೂಲಿ ಮಾಡಿದರೆ ಅದಕ್ಕೆ ಬಡವನ ಮನೆ ಯಾವುದು, ಒಡೆಯನ ಮನೆ ಯಾವುದು ಎಂಬ ಭೇದ ತಿಳಿಯದು. ಅದು ಸಾಮಾನ್ಯವಾಗಿ ತಗ್ಗಿನಲ್ಲಿರುವವನ ಮನೆಯಿಂದಲೇ ವಸೂಲಿ ಆರಂಭಿಸುತ್ತದೆ.